ಹೊರಹೋಗದ ಉಸಿರು: ಸಿಒಪಿಡಿ ಆರೈಕೆಯಲ್ಲಿ ಎಡವುವುದು ಎಲ್ಲಿ?

ಏದುಸಿರು ಬಿಡುತ್ತ ಕೂತವರನ್ನು ಕಂಡರೆ ಸುತ್ತಲಿದ್ದವರ ಬಾಯಿಂದ ಮೊದಲು ಬರುವ ಮಾತು ‘ಜೋರಾಗಿ ಉಸಿರು ಎಳ್ಕೊಳ್ಳಿ’ ಎಂಬುದು. ಪಕ್ಕದಲ್ಲಿ ಆಕ್ಸಿಜನ್ ಇದ್ದರೆ ಅದರ ತಿರುಪನ್ನು ಇನ್ನೊಂದು ಸುತ್ತು ತಿರುಗಿಸುವುದು ಎರಡನೆಯ ಕೆಲಸ. ಸಿಒಪಿಡಿ, ಅಂದರೆ ಶ್ವಾಸನಾಳಗಳಲ್ಲಿ ಗಾಳಿಯ ಹರಿವಿಗೆ ಅಡಚಣೆಯಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಇರುವವರಿಗೆ ಈ ಎರಡು ಉಪಕಾರಗಳೂ ಅಪಕಾರವಾಗಬಲ್ಲವು. ಅವರ ಕಷ್ಟವಿರುವುದು ಗಾಳಿ ಒಳಗೆ ಬರುವುದರಲ್ಲಿ ಅಲ್ಲ, ಬಂದ ಗಾಳಿ ಹೊರಗೆ ಹೋಗುವುದರಲ್ಲಿ. ಈ ಕಾಯಿಲೆಯ ಆರೈಕೆಯಲ್ಲಿ ಯಾವುದು ಸರಿ, ಯಾವುದು ತಪ್ಪು ಎಂಬುದರ ಬಹುಪಾಲು ಇದೊಂದರಿಂದಲೇ ತೀರ್ಮಾನವಾಗುತ್ತದೆ.

ಆರೋಗ್ಯವಂತ ಶ್ವಾಸಕೋಶ ರಬ್ಬರಿನಂತೆ ತಾನಾಗಿ ಕುಗ್ಗಿ ಗಾಳಿಯನ್ನು ಹೊರಗೆ ತಳ್ಳುತ್ತದೆ. ಸಿಒಪಿಡಿಯಲ್ಲಿ ಆ ಸೆಳೆತ ಸಡಿಲವಾಗಿರುತ್ತದೆ, ಸಣ್ಣ ಶ್ವಾಸನಾಳಗಳು ಊದಿಕೊಂಡು ಕಫದಿಂದ ಕಿರಿದಾಗಿರುತ್ತವೆ. ಉಸಿರು ಬಿಡುವಾಗ ಆ ನಾಳಗಳು ಇನ್ನಷ್ಟು ಮುಚ್ಚಿಕೊಳ್ಳುತ್ತವೆ. ಒಳಗಿನದು ಪೂರ್ತಿ ಖಾಲಿಯಾಗುವ ಮೊದಲೇ ಮುಂದಿನ ಉಸಿರು ಬಂದು ಸೇರುತ್ತದೆ. ಗಾಬರಿಯಾಗಿ ಉಸಿರಿನ ವೇಗ ಹೆಚ್ಚಿದಷ್ಟೂ ಬಿಡಲು ಸಿಗುವ ಸಮಯ ಕಡಿಮೆಯಾಗಿ, ಒಳಗೆ ಗಾಳಿ ಇನ್ನಷ್ಟು ಜಮೆಯಾಗುತ್ತದೆ. ಎದೆ ಪೀಪಾಯಿಯಂತೆ ಉಬ್ಬುತ್ತದೆ, ವಪೆ (ಎದೆ–ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯು) ಚಪ್ಪಟೆಯಾಗಿ ತನ್ನ ಬಲ ಕಳೆದುಕೊಳ್ಳುತ್ತದೆ. ರೋಗವನ್ನು ಖಚಿತಪಡಿಸುವ ಸ್ಪೈರೋಮೆಟ್ರಿ ಅಳೆಯುವುದೂ ಉಸಿರು ಬಿಡುವುದನ್ನೇ. ನಾಳ ಹಿಗ್ಗಿಸುವ ಔಷಧಿ ಕೊಟ್ಟ ಮೇಲೂ, ಜೋರಾಗಿ ಊದಿ ಹೊರಹಾಕುವ ಒಟ್ಟು ಗಾಳಿಯಲ್ಲಿ ಮೊದಲ ಒಂದು ಸೆಕೆಂಡಿಗೆ ಹೊರಬರುವ ಪಾಲು 0.70ಕ್ಕಿಂತ ಕಡಿಮೆ ಇದ್ದರೆ ಅದು ಅಡಚಣೆಯ ಗುರುತು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2021ರಲ್ಲಿ ಈ ರೋಗದಿಂದ ಸತ್ತವರು ಸುಮಾರು 35 ಲಕ್ಷ. ಸಾವಿನ ಕಾರಣಗಳಲ್ಲಿ ಅದಕ್ಕೆ ನಾಲ್ಕನೆಯ ಸ್ಥಾನ.

ಈ ಚರ್ಚೆಗೆ ಈಗ ಹೊಸದೊಂದು ತುರ್ತು ಬಂದಿದೆ. ಕೋವಿಡ್ ಕಾಲದಲ್ಲಿ ಬೆರಳಿಗೆ ಸಿಕ್ಕಿಸಿ ರಕ್ತದ ಆಕ್ಸಿಜನ್ ಮಟ್ಟವನ್ನು ಶೇಕಡಾವಾರು ನೋಡುವ ಆಕ್ಸಿಮೀಟರ್, ಗಾಳಿಯಿಂದ ಆಕ್ಸಿಜನ್ ಬೇರ್ಪಡಿಸಿ ಕೊಡುವ ಆಕ್ಸಿಜನ್ ಕಾನ್ಸನ್‌ಟ್ರೇಟರ್ ಎರಡೂ ಮನೆಗಳನ್ನು ಹೊಕ್ಕವು. ಜೊತೆಗೆ ‘ತೊಂಬತ್ತೈದರ ಮೇಲಿದ್ದರೆ ಒಳ್ಳೆಯದು’ ಎಂಬ ಲೆಕ್ಕವೂ ಜನರ ತಲೆಯಲ್ಲಿ ಕೂತಿತು. ಸೋಂಕು ಹೋಯಿತು, ಯಂತ್ರ ಉಳಿಯಿತು, ಆ ಅಂಕಿಯೂ ಉಳಿಯಿತು. ಹಳೆಯ ಸಿಒಪಿಡಿ ರೋಗಿಯ ಬೆರಳಲ್ಲಿ 90 ಕಂಡಾಗ ಮನೆಯವರು ಆಕ್ಸಿಜನ್ ಏರಿಸುವುದು ಈ ಲೆಕ್ಕದ ಬಲದಿಂದಲೇ.

ಆಕ್ಸಿಜನ್‌ಗೂ ಡೋಸ್ ಇದೆ

ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕೂಡಿಕೊಳ್ಳುವ ಅಪಾಯ ಇರುವ ರೋಗಿಗೆ ಗುರಿ ಶೇ 88ರಿಂದ 92ರ ಸ್ಯಾಚುರೇಶನ್ (ಆಕ್ಸಿಮೀಟರ್ ತೋರಿಸುವ ಅಂಕಿ). ಇದು ಊಹೆಯ ಮೇಲೆ ನಿಂತ ಅಂಕಿಯಲ್ಲ. ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ಆಂಬ್ಯುಲೆನ್ಸ್ ಸಿಬ್ಬಂದಿ 405 ರೋಗಿಗಳ ಮೇಲೆ ನಡೆಸಿದ ಪ್ರಯೋಗದ ಫಲಿತಾಂಶ 2010ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಎಂದಿನಂತೆ ಹೆಚ್ಚಿನ ಹರಿವಿನ ಆಕ್ಸಿಜನ್, ಇನ್ನೊಂದಕ್ಕೆ 88–92ರ ಗುರಿಗೆ ಹೊಂದಿಸಿ ಅಳೆದು ಕೊಟ್ಟ ಆಕ್ಸಿಜನ್. ಸಿಒಪಿಡಿ ಎಂದು ಖಚಿತವಾದವರಲ್ಲಿ ಮೊದಲ ಗುಂಪಿನ ಶೇ 9 ಮಂದಿ ಸತ್ತರೆ, ಎರಡನೆಯದರಲ್ಲಿ ಶೇ 2. ಎರಡೂ ಕಡೆ ಬಳಸಿದ್ದು ಅದೇ ಆಕ್ಸಿಜನ್. ಬದಲಾದದ್ದು ಅಳತೆ ಮಾತ್ರ.

‘ಆಕ್ಸಿಜನ್ ಹೆಚ್ಚಾದರೆ ಮೆದುಳು ಉಸಿರಾಡುವುದನ್ನೇ ಮರೆಯುತ್ತದೆ’ ಎಂದು ನರ್ಸಿಂಗ್ ತರಗತಿಗಳಲ್ಲಿ ಬಹುಕಾಲ ಹೇಳಿಕೊಡುತ್ತಿದ್ದರು. ಅದು ಕಥೆಯ ಸಣ್ಣ ಭಾಗ ಅಷ್ಟೆ. ಶ್ವಾಸಕೋಶದ ಕೆಟ್ಟ ಭಾಗಗಳಿಗೆ ಹೋಗುವ ರಕ್ತನಾಳಗಳು ಸಾಮಾನ್ಯವಾಗಿ ಬಿಗಿದುಕೊಂಡು, ರಕ್ತವನ್ನು ಒಳ್ಳೆಯ ಭಾಗಗಳ ಕಡೆ ತಿರುಗಿಸಿರುತ್ತವೆ. ಆಕ್ಸಿಜನ್ ಧಾರಾಳವಾದರೆ ಆ ಬಿಗಿತ ಸಡಿಲವಾಗಿ, ಗಾಳಿ ಆಡದ ಜಾಗಕ್ಕೂ ರಕ್ತ ಹರಿಯುತ್ತದೆ, ಇಂಗಾಲದ ಡೈಆಕ್ಸೈಡ್ ಅಲ್ಲಿ ಹೊರಬೀಳದೆ ಹಾಗೇ ವಾಪಸು ಬರುತ್ತದೆ. ಜೊತೆಗೆ ಹಿಮೋಗ್ಲೋಬಿನ್ ಆಕ್ಸಿಜನ್ ಹಿಡಿದಷ್ಟೂ ತಾನು ಹೊತ್ತಿದ್ದ ಇಂಗಾಲದ ಡೈಆಕ್ಸೈಡನ್ನು ರಕ್ತಕ್ಕೆ ಬಿಟ್ಟುಕೊಡುತ್ತದೆ. ಕಾರಣ ಗೊತ್ತಿದ್ದರೆ ಒಂದು ಉಪಯೋಗವಿದೆ: ರೋಗಿ ವೇಗವಾಗಿ ಉಸಿರಾಡುತ್ತಲೇ ಇದ್ದರೂ ಇಂಗಾಲದ ಡೈಆಕ್ಸೈಡ್ ಏರುತ್ತಿರಬಹುದು ಎಂಬ ಎಚ್ಚರ ಇರುತ್ತದೆ.

ಹಾಗೆಂದು ಆಕ್ಸಿಜನ್‌ಗೆ ಹೆದರಿ ಕೊಡದೇ ಇರುವುದು ಇನ್ನೂ ದೊಡ್ಡ ತಪ್ಪು. 80ರಲ್ಲಿರುವ ರೋಗಿಯನ್ನು ಆಮ್ಲಜನಕದ ಕೊರತೆ ಬೇಗ ಕೊಲ್ಲುತ್ತದೆ. 88ರ ಕೆಳಗಿದ್ದರೆ ಕೊಡಬೇಕು, 92ರ ಮೇಲೆ ಹೋದರೆ ಇಳಿಸಬೇಕು. ಹೃದಯ ನಿಂತಂಥ ತುರ್ತಿನಲ್ಲಿ ಈ ಮಿತಿ ಲೆಕ್ಕಕ್ಕಿಲ್ಲ.

ಸಾಧನದ ಆಯ್ಕೆಯಲ್ಲೇ ಅರ್ಧ ಕೆಲಸವಿದೆ. ಮೂಗಿನ ನಳಿಕೆಯಲ್ಲಿ ನಿಮಿಷಕ್ಕೆ 1–2 ಲೀಟರ್ ಸಾಮಾನ್ಯ ಆರಂಭ. ಆದರೆ ರೋಗಿಯ ಉಸಿರಿನ ವೇಗ ಬದಲಾದಂತೆ ಒಳಗೆ ಹೋಗುವ ಆಕ್ಸಿಜನ್ನಿನ ಶೇಕಡಾವಾರು ಪ್ರಮಾಣವೂ ಬದಲಾಗುತ್ತದೆ. ನಿಖರತೆ ಬೇಕಾದಾಗ ವೆಂಚುರಿ ಮಾಸ್ಕ್: ಶೇ 24 ಅಥವಾ 28ರ ತುದಿ ಹಾಕಿ, ಆ ತುದಿಯ ಮೇಲೆ ಅಚ್ಚಾದಷ್ಟೇ ಹರಿವು ಇಡಬೇಕು. ತುದಿಯ ಪಕ್ಕದ ಕಿಂಡಿಗಳಿಂದ ಹೊರಗಾಳಿ ಸೇರುವುದರಿಂದಲೇ ಅದು ಕೆಲಸ ಮಾಡುವುದು. ಹೊದಿಕೆ ಆ ಕಿಂಡಿಗಳನ್ನು ಮುಚ್ಚಿದರೆ ಲೆಕ್ಕ ತಪ್ಪುತ್ತದೆ. ಉಸಿರಾಟ ನಿಮಿಷಕ್ಕೆ 30 ದಾಟಿದ್ದರೆ ವೆಂಚುರಿಯ ಹರಿವನ್ನು ಸೂಚಿತ ಕನಿಷ್ಠಕ್ಕಿಂತ ಏರಿಸಬೇಕು. ಹೀಗೆ ಏರಿಸಿದರೆ ಹೆಚ್ಚುವುದು ಮಿಶ್ರಗಾಳಿಯ ಮೊತ್ತ, ಶೇಕಡಾವಾರು ಅಲ್ಲೇ ಇರುತ್ತದೆ. ಎಷ್ಟೋ ಕಡೆ ಇದು ಗೊತ್ತಿಲ್ಲದೆ ತಿರುಪು ಮುಟ್ಟಲು ಹಿಂಜರಿಯುತ್ತಾರೆ. ಸಾದಾ ಮಾಸ್ಕನ್ನು 2 ಲೀಟರಿನಲ್ಲಿ ಓಡಿಸುವುದು ಮಾತ್ರ ಯಾವತ್ತೂ ಸಲ್ಲ. 5 ಲೀಟರಿಗಿಂತ ಕಡಿಮೆ ಹರಿವಿನಲ್ಲಿ ರೋಗಿ ತಾನು ಬಿಟ್ಟ ಉಸಿರನ್ನೇ ಮಾಸ್ಕಿನೊಳಗಿಂದ ಮತ್ತೆ ಎಳೆದುಕೊಳ್ಳುತ್ತಾನೆ.

ಪ್ರಮಾಣ ಬದಲಿಸಿದ ಮೇಲೆ ಕನಿಷ್ಠ ಐದು ನಿಮಿಷ ಹತ್ತಿರವೇ ಇದ್ದು ಸ್ಯಾಚುರೇಶನ್ ನೋಡಬೇಕು, ಅಪಾಯವಿರುವವರಲ್ಲಿ 30–60 ನಿಮಿಷದೊಳಗೆ ಅಪಧಮನಿಯ ರಕ್ತದ ಅನಿಲ ಪರೀಕ್ಷೆ ಆಗಬೇಕು. ಇಂಗಾಲದ ಡೈಆಕ್ಸೈಡ್ ಏರಿದೆ ಎಂದು ಗೊತ್ತಾದ ಕೂಡಲೇ ಗಾಬರಿಯಿಂದ ಆಕ್ಸಿಜನ್ ಕಿತ್ತುಹಾಕುವುದೂ ಅಪಾಯ. ಸ್ಯಾಚುರೇಶನ್ ಮೊದಲಿದ್ದುದಕ್ಕಿಂತಲೂ ಕೆಳಗೆ ಕುಸಿಯಬಹುದು. ಮೆಟ್ಟಿಲು ಮೆಟ್ಟಿಲಾಗಿ ಶೇ 28ಕ್ಕೆ, ಅಲ್ಲಿಂದ 24ಕ್ಕೆ ಇಳಿಸಬೇಕು.

ಅಚ್ಚುಕಟ್ಟಾಗಿ ಅಳೆದು ಕೊಟ್ಟ ಆಕ್ಸಿಜನ್ ಹಾಳಾಗುವುದು ಹೆಚ್ಚಾಗಿ ನೆಬುಲೈಸರ್ ಹೊತ್ತಿನಲ್ಲಿ. ಔಷಧಿಯನ್ನು ಉಸಿರಿಗೆ ಹೋಗುವಷ್ಟು ಸಣ್ಣ ಹನಿಗಳಾಗಿ ಒಡೆಯಲು ನಿಮಿಷಕ್ಕೆ 6–8 ಲೀಟರ್ ಹರಿವು ಬೇಕು. ಗೋಡೆಯ ಆಕ್ಸಿಜನ್ ಪೈಪಿಗೆ ನೆಬುಲೈಸರ್ ಸಿಕ್ಕಿಸಿ ಹೊರಟುಹೋದರೆ, ದಿನಕ್ಕೆ ನಾಲ್ಕಾರು ಸಲ ಆ ರೋಗಿಗೆ ಹೆಚ್ಚಿನ ಹರಿವಿನ ಆಕ್ಸಿಜನ್ ಕೊಟ್ಟಂತಾಯಿತು. ಇಂಥವರಿಗೆ ಗಾಳಿಯ ಕಂಪ್ರೆಸರ್‌ನಿಂದಲೇ ನೆಬುಲೈಸರ್ ಓಡಿಸಿ, ಅಗತ್ಯವಿದ್ದರೆ ಮಾಸ್ಕಿನ ಕೆಳಗೆ ಮೂಗಿನ ನಳಿಕೆಯಲ್ಲಿ 1–2 ಲೀಟರ್ ಮುಂದುವರಿಸಬೇಕು. ಕಂಪ್ರೆಸರ್ ಇಲ್ಲವೇ ಇಲ್ಲ ಎಂದಾದರೆ ಆರು ನಿಮಿಷಕ್ಕೆ ನಿಲ್ಲಿಸಬೇಕು. ಔಷಧಿಯ ಬಹುಭಾಗ ಅಷ್ಟರೊಳಗೆ ಹೋಗಿರುತ್ತದೆ. ನೆಬುಲೈಸರ್‌ನಲ್ಲಿ ಇಪ್ರಾಟ್ರೋಪಿಯಂ ಎಂಬ ನಾಳ ಹಿಗ್ಗಿಸುವ ಔಷಧಿ ಇದ್ದು ರೋಗಿಗೆ ಗ್ಲುಕೋಮಾ (ಕಣ್ಣಿನೊಳಗಿನ ಒತ್ತಡದ ಕಾಯಿಲೆ) ಇದ್ದರೆ ಮಾಸ್ಕ್ ಬದಲು ಬಾಯಲ್ಲಿ ಕಚ್ಚಿ ಹಿಡಿಯುವ ನಳಿಕೆ ಒಳ್ಳೆಯದು, ಮಂಜು ಕಣ್ಣಿಗೆ ಹೋಗುವುದಿಲ್ಲ.

ಇನ್ನೊಂದು ಮಾತು. 88–92 ಎಂಬುದು ‘ಶ್ವಾಸಕೋಶದ ಕಾಯಿಲೆ’ಯ ಗುರಿಯಲ್ಲ, ಇಂಗಾಲದ ಡೈಆಕ್ಸೈಡ್ ಕೂಡಿಕೊಳ್ಳುವ ಅಪಾಯದ ಗುರಿ. ಶ್ವಾಸಕೋಶ ಗಾಯಗಟ್ಟಿ ಗಡುಸಾಗುವ ಫೈಬ್ರೋಸಿಸ್‌ನಲ್ಲಿ ಆ ಅಪಾಯ ಸಾಮಾನ್ಯವಾಗಿ ಇರುವುದಿಲ್ಲ. ಅಲ್ಲಿ ಗುರಿ 94–98. ಕೇಸ್ ಶೀಟಿನಲ್ಲಿ ‘ದೀರ್ಘಕಾಲದ ಶ್ವಾಸಕೋಶ ರೋಗ’ ಎಂದು ಬರೆದದ್ದನ್ನು ಓದಿ ಫೈಬ್ರೋಸಿಸ್ ರೋಗಿಯನ್ನು 88ರಲ್ಲಿ ಕೂರಿಸುವುದು ಮೊದಲಿನದರ ಕನ್ನಡಿ ತಪ್ಪು. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ 2017ರಲ್ಲಿ ಪರಿಷ್ಕರಿಸಿದ, ರೋಗಿಯ ಸ್ಥಿತಿ ಕೆಡುತ್ತಿರುವುದನ್ನು ಅಂಕಗಳಲ್ಲಿ ತೋರಿಸುವ ಎಚ್ಚರಿಕೆ ಅಂಕಪಟ್ಟಿ ಇದಕ್ಕಾಗಿಯೇ ಎರಡು ಬೇರೆ ಮಾಪಕ ಇಟ್ಟಿದೆ. ಇಂಗಾಲದ ಡೈಆಕ್ಸೈಡ್ ಅಪಾಯ ಇರುವವರಿಗೆಂದು ಇಟ್ಟ ಎರಡನೆಯ ಮಾಪಕದಲ್ಲಿ ಆಕ್ಸಿಜನ್ ಮೇಲಿರುವ ರೋಗಿಗೆ 97 ಬಂದರೆ ಅದು 3 ಅಂಕದ ಅಪಾಯ.

ಬೆರಳಿನ ಯಂತ್ರ ಹೇಳದ್ದು

ಆಕ್ಸಿಮೀಟರ್ ಇಂಗಾಲದ ಡೈಆಕ್ಸೈಡ್ ಬಗ್ಗೆ ಒಂದಕ್ಷರ ಹೇಳುವುದಿಲ್ಲ. ಅದರ ಪರದೆ 93 ತೋರಿಸುತ್ತಿರುವಾಗಲೇ ರೋಗಿ ಮಂಪರಿಗೆ ಜಾರುತ್ತಿರಬಹುದು. ಬೆಳಗಿನ ತಲೆನೋವು, ಮಾತಿನ ನಡುವೆ ತೂಕಡಿಕೆ, ಬೆಚ್ಚಗಿನ ಅಂಗೈ, ಬಡಿದುಕೊಳ್ಳುವ ನಾಡಿ, ಗೊಂದಲ ಇವನ್ನು ಕಣ್ಣಾರೆ ನೋಡಿಯೇ ತಿಳಿಯಬೇಕು. ಎರಡೂ ಕೈ ಮುಂದೆ ಚಾಚಿ, ಮಣಿಕಟ್ಟು ಹಿಂದಕ್ಕೆ ಬಾಗಿಸಿ, ಬೆರಳು ಅಗಲಿಸಿ ಅರ್ಧ ನಿಮಿಷ ಹಿಡಿಯಲು ಹೇಳಿದಾಗ ಕೈ ರೆಕ್ಕೆಯಂತೆ ಜಗ್ಗಿ ಜಗ್ಗಿ ಬಿದ್ದರೆ ತಡಮಾಡದೆ ವೈದ್ಯರನ್ನು ಕರೆಯಬೇಕು. ‘ರಾತ್ರಿಯೆಲ್ಲ ಒದ್ದಾಡಿ ಈಗ ನೆಮ್ಮದಿಯಾಗಿ ಮಲಗಿದರು’ ಎಂದು ಮನೆಯವರು ಹೇಳುವ ಹೊತ್ತೇ ಅತ್ಯಂತ ಅಪಾಯದ ಹೊತ್ತಾಗಿರಬಹುದು. ನಿದ್ರೆ ಮಾತ್ರೆ ಕೊಡುವ ಮೊದಲು ಎರಡು ಸಲ ಯೋಚಿಸಬೇಕಾದದ್ದೂ ಇದಕ್ಕೇ.

ಯಂತ್ರಕ್ಕೆ ತನ್ನದೇ ದೋಷಗಳೂ ಇವೆ. ತಣ್ಣಗಿನ ಬೆರಳು, ಉಗುರಿನ ಬಣ್ಣ ಎಲ್ಲರಿಗೂ ಗೊತ್ತಿರುವಂಥವು. ಬೀಡಿ ಸಿಗರೇಟು ಸೇದುವವರ ರಕ್ತದ ಕಾರ್ಬನ್ ಮಾನಾಕ್ಸೈಡನ್ನು ಅದು ಆಮ್ಲಜನಕವೆಂದೇ ಎಣಿಸಿಬಿಡುತ್ತದೆ. ಚರ್ಮದ ಬಣ್ಣದ ಪ್ರಶ್ನೆ ಚರ್ಚೆಗೆ ಬಂದದ್ದು ತಡವಾಗಿ. ಅಮೆರಿಕದ ರೋಗಿಗಳ ಮೇಲೆ 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಯಂತ್ರ 92–96 ತೋರಿಸುತ್ತಿದ್ದಾಗ ರಕ್ತಪರೀಕ್ಷೆಯಲ್ಲಿ 88ರ ಕೆಳಗಿದ್ದವರು ಬಿಳಿಯರಲ್ಲಿ ಶೇ 3.6, ಕಪ್ಪುವರ್ಣೀಯರಲ್ಲಿ ಶೇ 11.7. ಕಪ್ಪು ಚರ್ಮದವರಲ್ಲಿ ಯಂತ್ರದ ಅಂಕಿಗೂ ರೋಗಿಯ ಸ್ಥಿತಿಗೂ ತಾಳೆಯಾಗದಿದ್ದರೆ ನಂಬಬೇಕಾದದ್ದು ರೋಗಿಯನ್ನು.

ಯಂತ್ರವೇ ಬೇಡದ ಅಳತೆಯೊಂದಿದೆ: ಉಸಿರಿನ ಎಣಿಕೆ. ಪೂರಾ 60 ಸೆಕೆಂಡ್, ರೋಗಿಗೆ ಗೊತ್ತಾಗದಂತೆ, ನಾಡಿ ಹಿಡಿದ ಹಾಗೆ ಕೈ ಹಿಡಿದುಕೊಂಡೇ ಎದೆ ನೋಡಿ ಎಣಿಸಬೇಕು. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ ಒಂದು ಉಸಿರಿನ ತಪ್ಪು ನಾಲ್ಕಾಗುತ್ತದೆ. ನಿಮಿಷಕ್ಕೆ 25 ಅಥವಾ ಹೆಚ್ಚು ಎಂದರೆ ಗಂಭೀರ. ಇಡೀ ವಾರ್ಡಿನ ಚಾರ್ಟುಗಳಲ್ಲಿ ಎಲ್ಲರಿಗೂ 20 ಎಂದೇ ಇದ್ದರೆ ಯಾರೂ ಎಣಿಸಿಲ್ಲ ಎಂದೇ ಅರ್ಥ.

ಬಿಡುವುದನ್ನು ಕಲಿಸುವುದು

‘ಎಳ್ಕೊಳ್ಳಿ’ ಅನ್ನುವ ಬದಲು ‘ನಿಧಾನಕ್ಕೆ ಬಿಡಿ’ ಅನ್ನಬೇಕು. ಮೂಗಿನಿಂದ ಎರಡು ಎಣಿಸುವಷ್ಟು ಹೊತ್ತು ಒಳಗೆ. ಬಿಸಿ ಪಾನೀಯ ಆರಿಸುವಾಗಿನಂತೆ ತುಟಿ ಚೂಪು ಮಾಡಿ ನಾಲ್ಕು ಎಣಿಸುವಷ್ಟು ಹೊತ್ತು ಹೊರಗೆ. ತುಟಿಯಲ್ಲಿ ಹುಟ್ಟುವ ಸಣ್ಣ ತಡೆ ಶ್ವಾಸನಾಳಗಳೊಳಗೆ ಒತ್ತಡ ಉಳಿಸಿ, ಅವು ಬೇಗ ಮುಚ್ಚಿಕೊಳ್ಳದಂತೆ ಹಿಡಿದಿಡುತ್ತದೆ. ಕೆನ್ನೆ ಉಬ್ಬಿಸಿ ಬಲವಂತವಾಗಿ ಊದಿದರೆ ನಾಳಗಳು ಇನ್ನೂ ಬೇಗ ಕುಸಿಯುತ್ತವೆ. ಇದನ್ನು ಉಬ್ಬಸ ಹೆಚ್ಚಾದಾಗ ಹೊಸದಾಗಿ ಕಲಿಸಲು ಹೊರಟರೆ ಆಗದು, ನೆಮ್ಮದಿಯಿರುವಾಗ ರೂಢಿ ಮಾಡಿಸಿರಬೇಕು.

ಭಂಗಿ: ಮುಂದಕ್ಕೆ ಬಾಗಿ ಕೂತು, ಮೊಣಕೈಗಳನ್ನು ಮೇಜಿನ ಮೇಲಿನ ದಿಂಬಿಗೋ ತೊಡೆಗೋ ಊರುವುದು. ತೋಳು ಒಂದೆಡೆ ನೆಲೆ ನಿಂತರೆ ಭುಜ–ಕುತ್ತಿಗೆಯ ಸ್ನಾಯುಗಳು ಪಕ್ಕೆಲುಬನ್ನು ಎತ್ತಲು ನೆರವಾಗುತ್ತವೆ, ಹೊಟ್ಟೆಯ ಒತ್ತಡದಿಂದ ಚಪ್ಪಟೆ ವಪೆಗೆ ಸ್ವಲ್ಪ ಆಕಾರ ಸಿಗುತ್ತದೆ. ಹಾಸಿಗೆಯ ತಲೆಭಾಗ ಎತ್ತಿದ್ದೇವೆ ಎಂದು ಬಿಟ್ಟುಬಿಟ್ಟರೆ ರೋಗಿ ಅರ್ಧ ಗಂಟೆಯಲ್ಲಿ ಕೆಳಗೆ ಜಾರಿ ನಡು ಮಡಚಿಕೊಂಡು ಮಲಗಿರುತ್ತಾರೆ. ಆ ಸ್ಥಿತಿ ಚಪ್ಪಟೆ ಮಲಗುವುದಕ್ಕಿಂತ ವಾಸಿಯೇನಲ್ಲ.

ಶ್ರಮದ ಕೆಲಸ ಯಾವುದಿದ್ದರೂ ಅದನ್ನು ಉಸಿರು ಬಿಡುವ ಹೊತ್ತಿಗೆ ಜೋಡಿಸಬೇಕು: ಏಳುವಾಗ ಬಿಡಿ, ಮೆಟ್ಟಿಲಿಗೆ ಕಾಲಿಡುವಾಗ ಬಿಡಿ. ಸ್ನಾನ ಕೂತು ಮಾಡಿಸಬೇಕು. ತೋಳನ್ನು ಭುಜದ ಮೇಲೆ ಎತ್ತುವ ಕೆಲಸಗಳು, ಅಂದರೆ ತಲೆ ಬಾಚುವುದು, ಬೆನ್ನು ಒರೆಸುವುದು, ಈ ರೋಗಿಗಳಿಗೆ ನಡೆಯುವುದಕ್ಕಿಂತ ಹೆಚ್ಚು ದಣಿವು ತರುತ್ತವೆ. ಉಸಿರಿಗೆ ನೆರವಾಗುತ್ತಿದ್ದ ಸ್ನಾಯುಗಳೇ ಆಗ ಬೇರೆ ಕೆಲಸಕ್ಕೆ ಹೋಗಿರುತ್ತವೆ. ಸ್ನಾನ, ಫಿಸಿಯೋಥೆರಪಿ, ಊಟ ಮೂರನ್ನೂ ಡ್ಯೂಟಿ ಬದಲಾಗುವ ಮುನ್ನ ಒಟ್ಟಿಗೆ ಮುಗಿಸಿಬಿಡುವ ಅಭ್ಯಾಸ ನರ್ಸಿಗೆ ಅನುಕೂಲ, ರೋಗಿಗೆ ಶಿಕ್ಷೆ. ಪ್ರಶ್ನೆಗಳು ಹೌದು–ಇಲ್ಲ ಎಂದು ತಲೆಯಾಡಿಸಿ ಉತ್ತರಿಸುವಂತಿರಲಿ. ಮಾತಿಗೂ ಉಸಿರು ಖರ್ಚಾಗುತ್ತದೆ.

ಊಟದ ವಿಷಯ ಚಿಕ್ಕದು. ಹೊಟ್ಟೆ ತುಂಬಿದರೆ ವಪೆಗೆ ಜಾಗವಿಲ್ಲ. ಹಾಗಾಗಿ ದಿನಕ್ಕೆ ಐದಾರು ಸಲ, ಸ್ವಲ್ಪ ಸ್ವಲ್ಪ, ಮೆತ್ತಗಿನ, ಶಕ್ತಿ–ಪ್ರೋಟೀನ್ ಹೆಚ್ಚಿರುವ ಆಹಾರ. ಮಾಸ್ಕ್ ತೆಗೆದು ಉಣ್ಣಿಸುವ ಬದಲು ಆ ಹೊತ್ತಿಗೆ ಮೂಗಿನ ನಳಿಕೆ ಹಾಕಬೇಕು. ತೂಕ ಇಳಿಯುತ್ತಿದ್ದರೆ ಉಸಿರಾಟದ ಸ್ನಾಯುಗಳೂ ಕರಗುತ್ತಿವೆ ಎಂದೇ ತಿಳಿಯಬೇಕು.

ಇನ್ಹೇಲರ್: ಬರೆದುಕೊಟ್ಟಷ್ಟು ಒಳಗೆ ಹೋಗುತ್ತಿಲ್ಲ

1975ರಿಂದ 2014ರವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ 2016ರಲ್ಲಿ ಪ್ರಕಟವಾದ ವಿಮರ್ಶೆಯೊಂದರ ಪ್ರಕಾರ ಇನ್ಹೇಲರನ್ನು ಸರಿಯಾಗಿ ಬಳಸುವವರು ಶೇ 31 ಮಾತ್ರ. ನಲವತ್ತು ವರ್ಷದಲ್ಲಿ ಈ ಅಂಕಿ ಸುಧಾರಿಸಿಲ್ಲ ಎಂಬುದು ಇನ್ನೂ ಕಹಿಯಾದ ಸಂಗತಿ. ಔಷಧಿ ಕೆಲಸ ಮಾಡುತ್ತಿಲ್ಲ ಎಂದು ಡೋಸ್ ಏರಿಸುವ, ಔಷಧಿ ಬದಲಿಸುವ ಮೊದಲು ‘ತೆಗೆದುಕೊಂಡು ತೋರಿಸಿ’ ಎನ್ನಬೇಕು. ‘ಸರಿಯಾಗಿ ತಗೊಳ್ತೀರಾ?’ ಎಂದು ಕೇಳಿದರೆ ಎಲ್ಲರೂ ಹೌದೆಂದೇ ಹೇಳುತ್ತಾರೆ.

ಗೊಂದಲದ ಮೂಲ, ಎರಡು ಬಗೆಯ ಸಾಧನಗಳು ತದ್ವಿರುದ್ಧ ಉಸಿರು ಬೇಡುವುದು. ಒತ್ತಿದರೆ ಸಿಡಿಯುವ ಸ್ಪ್ರೇ ಇನ್ಹೇಲರ್‌ಗೆ ನಿಧಾನವಾದ, ಆಳವಾದ, ಮೂರರಿಂದ ಐದು ಸೆಕೆಂಡಿನ ಉಸಿರು ಬೇಕು. ಜೋರಾಗಿ ಎಳೆದರೆ ಔಷಧಿ ಗಂಟಲಿಗೆ ಬಡಿದು ಅಲ್ಲೇ ಉಳಿಯುತ್ತದೆ. ಪುಡಿಯ ಇನ್ಹೇಲರ್‌ಗೆ ಮೊದಲ ಕ್ಷಣದಿಂದಲೇ ಜೋರಾದ ಎಳೆತ ಬೇಕು. ಮೆಲ್ಲಗೆ ಎಳೆದರೆ ಪುಡಿ ಒಡೆಯುವುದೇ ಇಲ್ಲ. ಒಬ್ಬರಿಗೇ ಎರಡೂ ಬಗೆ ಬರೆದುಕೊಟ್ಟರೆ ಎರಡೂ ಕೆಡುವುದೇ ಹೆಚ್ಚು. ತೀರಾ ಸೊರಗಿದವರಲ್ಲಿ ಪುಡಿ ಎಳೆಯುವ ಬಲವೇ ಇರುವುದಿಲ್ಲ ಎಂಬುದನ್ನು ನರ್ಸ್ ಗಮನಿಸಿ ಹೇಳಿದರೆ ಸಾಧನ ಬದಲಾಗುತ್ತದೆ.

ಸ್ಪ್ರೇಯ ಕ್ರಮ: ಮುಚ್ಚಳ ತೆಗೆದು, ಚೆನ್ನಾಗಿ ಅಲುಗಾಡಿಸಿ, ಔಷಧಿಯ ಮಂಜನ್ನು ಹಿಡಿದಿಡುವ ಪ್ಲಾಸ್ಟಿಕ್ ಕೊಳವೆಯಾದ ಸ್ಪೇಸರ್‌ಗೆ ಸಿಕ್ಕಿಸಿ, ಮೊದಲು ಉಸಿರನ್ನು ಆದಷ್ಟು ಬಿಟ್ಟು, ತುಟಿ ಬಿಗಿಹಿಡಿದು ಒಂದು ಸಲ ಒತ್ತಿ, ಮೆಲ್ಲಗೆ ಎಳೆದು, ಹತ್ತು ಸೆಕೆಂಡ್ ಅಥವಾ ಸಾಧ್ಯವಾದಷ್ಟು ಹಿಡಿದು ಬಿಡುವುದು. ಎರಡನೆಯದಕ್ಕೆ ಅರ್ಧದಿಂದ ಒಂದು ನಿಮಿಷ ಕಾಯಬೇಕು. ಸ್ಪೇಸರ್‌ನೊಳಗೆ ಎರಡು ಸಲ ಒಟ್ಟಿಗೆ ಒತ್ತಿದರೆ ಹನಿಗಳು ಒಂದಕ್ಕೊಂದು ಅಂಟಿ ಗೋಡೆಗೆ ಹತ್ತುತ್ತವೆ. ತೊಳೆದ ಸ್ಪೇಸರನ್ನು ಬಟ್ಟೆಯಿಂದ ಒರೆಸಬಾರದು. ಉಜ್ಜಿದಾಗ ಹುಟ್ಟುವ ಸ್ಥಿರ ವಿದ್ಯುತ್ ಔಷಧಿಯನ್ನು ಪ್ಲಾಸ್ಟಿಕ್ಕಿಗೆ ಎಳೆದುಕೊಳ್ಳುತ್ತದೆ. ಸೋಪಿನ ನೀರಲ್ಲಿ ಅದ್ದಿ ಹಾಗೇ ಆರಲು ಬಿಡಬೇಕು. ಕ್ಯಾಪ್ಸೂಲ್ ಹಾಕುವ ಬಗೆಯಲ್ಲಿ, ಕ್ಯಾಪ್ಸೂಲನ್ನು ನೀರಿನ ಜೊತೆ ನುಂಗುವವರೂ ಇದ್ದಾರೆ. ಎಳೆದ ಮೇಲೆ ಕ್ಯಾಪ್ಸೂಲ್ ತೆರೆದು, ಪುಡಿ ಉಳಿದಿದ್ದರೆ ಮತ್ತೊಮ್ಮೆ ಎಳೆಯಿಸಬೇಕು. ಸ್ಟೀರಾಯ್ಡ್ ಇರುವುದಾದರೆ ಬಾಯಿ ಮುಕ್ಕಳಿಸಿ ಉಗುಳಬೇಕು, ಇಲ್ಲವಾದರೆ ನಾಲಗೆ ಮೇಲೆ ಬಿಳಿ ಶಿಲೀಂಧ್ರ ಕಟ್ಟುತ್ತದೆ.

ಬೈಪ್ಯಾಪ್‌ನ ಮೊದಲ ಗಂಟೆ

ರಕ್ತದ ಆಮ್ಲೀಯತೆ ತೋರಿಸುವ ಪಿಎಚ್ 7.35 ಅಥವಾ ಅದಕ್ಕಿಂತ ಕೆಳಗಿಳಿದು ಇಂಗಾಲದ ಡೈಆಕ್ಸೈಡ್ ಒತ್ತಡ 45 ಮಿ.ಮೀ. ಪಾದರಸ ಮುಟ್ಟಿದ್ದರೆ ಅಥವಾ ದಾಟಿದ್ದರೆ, ಮಾಸ್ಕಿನ ಮೂಲಕ ಒತ್ತಡ ಕೊಡುವ ಬೈಪ್ಯಾಪ್‌ನ ಸಮಯ ಬಂದಿದೆ. 17 ಪ್ರಯೋಗಗಳನ್ನು ಸೇರಿಸಿ ನೋಡಿದ 2017ರ ಕೊಕ್ರೇನ್ ವಿಮರ್ಶೆಯಲ್ಲಿ ಇದು ಸಾವಿನ ಅಪಾಯವನ್ನು ಸುಮಾರು ಶೇ 46ರಷ್ಟು ತಗ್ಗಿಸಿತ್ತು. ಆದರೆ ಈ ಲಾಭ ಸಿಗುವುದು ರೋಗಿ ಮಾಸ್ಕನ್ನು ಸಹಿಸಿಕೊಂಡರೆ, ಆ ಸಹನೆಯನ್ನು ರೂಢಿಸುವುದು ಹಾಸಿಗೆಯ ಪಕ್ಕದ ನರ್ಸ್. ಪಟ್ಟಿ ಕಟ್ಟುವ ಮೊದಲು ಮಾಸ್ಕನ್ನು ಕೈಯಲ್ಲೇ ಮುಖಕ್ಕೆ ಹಿಡಿದು ಕೆಲವು ನಿಮಿಷ ಅಭ್ಯಾಸ ಮಾಡಿಸಬೇಕು. ಒಳ–ಉಸಿರಿನ ಒತ್ತಡ 10–15 ಸೆಂ.ಮೀ. ನೀರು, ಹೊರ–ಉಸಿರಿನದು 4–5ರಿಂದ ಆರಂಭಿಸಿ, ಮೊದಲಿನದನ್ನು ವೈದ್ಯರ ಸೂಚನೆಯಂತೆ 10–30 ನಿಮಿಷದೊಳಗೆ 20ರ ಹತ್ತಿರ ಒಯ್ಯುವುದು ರೂಢಿ. ಆರಂಭದ ಒತ್ತಡದಲ್ಲೇ ರಾತ್ರಿಯಿಡೀ ಬಿಟ್ಟು ‘ಬೈಪ್ಯಾಪ್ ಫಲಿಸಲಿಲ್ಲ’ ಎಂದು ಬರೆಯುವುದುಂಟು. ಫಲಿಸದೇ ಹೋದದ್ದು ಯಂತ್ರವಲ್ಲ.

ಪಟ್ಟಿಯೊಳಗೆ ಎರಡು ಬೆರಳು ಸಲೀಸಾಗಿ ಹೋಗಬೇಕು. ಸ್ವಲ್ಪ ಸೋರಿಕೆ ಪರವಾಗಿಲ್ಲ, ಕಣ್ಣಿನ ಕಡೆಗೆ ಸೋರುವುದು ಕೂಡದು. ಸೋರಿಕೆ ನಿಲ್ಲಿಸಲೆಂದು ಬಿಗಿದಷ್ಟೂ ಮೂಗಿನ ಸೇತುವೆಯ ಚರ್ಮ ಹುಣ್ಣಾಗುತ್ತದೆ. ಹುಣ್ಣಾದ ಮೇಲೆ ಹಚ್ಚುವ ಬದಲು ಮೊದಲೇ ರಕ್ಷಣಾ ಪಟ್ಟಿ ಅಂಟಿಸಬೇಕು. ವಾಂತಿ ಬಂದರೆ ಮಾಸ್ಕ್ ಕಳಚುವ ಕೊಂಡಿ ಯಾವುದೆಂದು ರೋಗಿಗೂ ಮನೆಯವರಿಗೂ ತೋರಿಸಿರಬೇಕು. ಒಂದು ಗಂಟೆಯ ಹೊತ್ತಿಗೆ ರಕ್ತದ ಅನಿಲ ಪರೀಕ್ಷೆ ಮತ್ತೆ ಆಗಬೇಕು. ದಿಢೀರನೆ ಎದೆನೋವು, ಒಂದೇ ಕಡೆ ಉಸಿರಿನ ಸದ್ದು ಇಲ್ಲದಿರುವುದು ಕಂಡರೆ ಶ್ವಾಸಕೋಶದ ಹೊರಪೊರೆಯೊಳಗೆ ಗಾಳಿ ಸೋರಿರಬಹುದು. ತಕ್ಷಣ ವೈದ್ಯರು ಬರಬೇಕು.

ಮನೆಗೆ ಹೊರಟಾಗ

ಎಲ್ಲರಿಗೂ ಮನೆಯ ಆಕ್ಸಿಜನ್ ಬೇಕಿಲ್ಲ. ಕಾಯಿಲೆ ಸ್ಥಿಮಿತದಲ್ಲಿರುವಾಗ ರಕ್ತದ ಆಮ್ಲಜನಕ ಒತ್ತಡ 55 ಮಿ.ಮೀ. ಅಥವಾ ಕಡಿಮೆ ಇದ್ದವರಿಗೆ ದಿನಕ್ಕೆ 15 ಗಂಟೆಗೂ ಹೆಚ್ಚು ಕೊಟ್ಟರೆ ಆಯಸ್ಸು ಹೆಚ್ಚುತ್ತದೆ ಎಂದು 1980 ಮತ್ತು 1981ರ ಎರಡು ಪ್ರಯೋಗಗಳು ತೋರಿಸಿದವು. ಅಷ್ಟೇನೂ ಕಡಿಮೆ ಇಲ್ಲದ 738 ಮಂದಿಯ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅಂಥ ಲಾಭ ಕಾಣಲಿಲ್ಲ. ‘ಸುಸ್ತಾದಾಗ ಹತ್ತು ನಿಮಿಷ’ ಹಾಕಿಕೊಳ್ಳುವ ಆಕ್ಸಿಜನ್ ಆಯಸ್ಸಿನ ಲೆಕ್ಕಕ್ಕೆ ಬರುವುದಿಲ್ಲ.

ಕಾನ್ಸನ್‌ಟ್ರೇಟರ್‌ನ ಗಾಳಿ ಸೋಸುಕವನ್ನು ವಾರಕ್ಕೊಮ್ಮೆ ತೊಳೆದು ಪೂರ್ತಿ ಆರಿಸಿ ಹಾಕಬೇಕು. ಗೋಡೆಗೆ, ಪರದೆಗೆ ಒತ್ತಿ ಇಡಬಾರದು. ಮೂಗಿಗೆ ವ್ಯಾಸಲೀನ್, ಎಣ್ಣೆ ಬೇಡ, ನೀರಿನಾಂಶದ ಜೆಲ್ ಸಾಕು. ಕಿವಿಯ ಹಿಂದೆ ನಳಿಕೆ ಒತ್ತಿ ಹುಣ್ಣಾಗುವುದನ್ನು ದಿನಾ ನೋಡಬೇಕು. ಬೆಂಕಿಯ ಮಾತು ಸುಮ್ಮನೆ ಹೇಳುವುದಲ್ಲ: ಆಕ್ಸಿಜನ್ ಬಟ್ಟೆಯಲ್ಲಿ, ಕೂದಲಲ್ಲಿ ಉಳಿದಿರುತ್ತದೆ. ನಳಿಕೆ ತೆಗೆದ ಕೂಡಲೇ ಬೀಡಿ ಹಚ್ಚಿದರೂ ಮುಖ ಸುಡುತ್ತದೆ. ಕರೆಂಟು ಹೋದಾಗಿನ ಸಿಲಿಂಡರ್ ಲೆಕ್ಕ ಮನೆಯವರಿಗೆ ಬರೆದುಕೊಡಬೇಕು: 10 ಲೀಟರ್ ಗಾತ್ರದ ಸಿಲಿಂಡರಿನಲ್ಲಿ ಒತ್ತಡ 150 ಬಾರ್ ಇದ್ದರೆ ಒಳಗಿರುವುದು ಸುಮಾರು 1,500 ಲೀಟರ್. ನಿಮಿಷಕ್ಕೆ 2 ಲೀಟರಿನಂತೆ ಹನ್ನೆರಡೂವರೆ ಗಂಟೆ. ಮುಳ್ಳು 50ಕ್ಕೆ ಬಂದಾಗ ಉಳಿದಿರುವುದು ನಾಲ್ಕು ಗಂಟೆಯಷ್ಟು. ಬದಲಿ ಸಿಲಿಂಡರ್ ತರಿಸಬೇಕಾದದ್ದು ಆಗ, ಮುಳ್ಳು ಸೊನ್ನೆಗೆ ಬಂದಾಗಲ್ಲ.

ಬಿಡುಗಡೆಯಾದ ನಾಲ್ಕು ವಾರದೊಳಗೆ ಒಮ್ಮೆ ಮರುತಪಾಸಣೆ, ಅದೇ ಅವಧಿಯಲ್ಲಿ ಶ್ವಾಸಕೋಶ ಪುನಶ್ಚೇತನ ವ್ಯಾಯಾಮದ ಆರಂಭ: ವಾರಕ್ಕೆ ಕನಿಷ್ಠ ಎರಡು ಸಲ, ಆರರಿಂದ ಎಂಟು ವಾರ. ಏದುಸಿರು ಬಂದೀತೆಂಬ ಭಯಕ್ಕೆ ರೋಗಿ ನಡೆಯುವುದನ್ನೇ ಬಿಡುತ್ತಾನೆ, ಕಾಲಿನ ಸ್ನಾಯು ಕರಗುತ್ತದೆ, ನಾಲ್ಕು ಹೆಜ್ಜೆಗೇ ಏದುಸಿರು ಬರುತ್ತದೆ. ಈ ಸುತ್ತನ್ನು ಮುರಿಯುವುದರಲ್ಲಿ ವ್ಯಾಯಾಮಕ್ಕೆ ಸಮನಾದ ಇನ್ಹೇಲರ್ ಯಾವುದೂ ಇಲ್ಲ. ಕಫದ ಬಣ್ಣ ಹಳದಿ–ಹಸಿರಿಗೆ ತಿರುಗಿ ಪ್ರಮಾಣ ಹೆಚ್ಚಿದರೆ, ಮಾಮೂಲಿ ದಮ್ಮಿಗಿಂತ ಹೆಚ್ಚಿನದು ಎರಡು ದಿನ ನಿಂತರೆ ಯಾರಿಗೆ ಫೋನ್ ಮಾಡಬೇಕು, ಯಾವ ಮಾತ್ರೆ ಆರಂಭಿಸಬೇಕು ಎಂಬ ಚೀಟಿ ಕೈಯಲ್ಲಿರಬೇಕು. ಉಲ್ಬಣಕ್ಕೆ ದಿನಕ್ಕೆ 40 ಮಿ.ಗ್ರಾಂ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ಐದು ದಿನ ಸಾಕು. ಹದಿನಾಲ್ಕು ದಿನ ಕೊಟ್ಟರೆ ಹೆಚ್ಚಿನ ಲಾಭವಿಲ್ಲ ಎಂದು 2013ರಲ್ಲೇ ಗೊತ್ತಾಗಿದೆ. ಆದರೂ ಉಳಿದ ಮಾತ್ರೆಗಳನ್ನು ತಿಂಗಳುಗಟ್ಟಲೆ ನುಂಗುವವರು ಇದ್ದೇ ಇದ್ದಾರೆ. ಅವರ ಸಕ್ಕರೆ ಏರುತ್ತದೆ, ಮೂಳೆ ಸವೆಯುತ್ತದೆ.

ಕೊನೆಯ ಹಂತದಲ್ಲಿ ಎಲ್ಲ ಔಷಧಿ ಸರಿಯಾಗಿದ್ದೂ ಏದುಸಿರು ಉಳಿಯುತ್ತದೆ. ಸಣ್ಣ ಪ್ರಮಾಣದ ಮಾರ್ಫಿನ್ ಮೇಲೆ ದೊಡ್ಡ ಭರವಸೆ ಇತ್ತು. 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ದಿನಕ್ಕೆ 8 ಅಥವಾ 16 ಮಿ.ಗ್ರಾಂ ಕೊಟ್ಟಾಗ ಒಂದು ವಾರದಲ್ಲಿ ಏದುಸಿರಿನ ತೀವ್ರತೆ ಹುಸಿಮಾತ್ರೆಗಿಂತ ಹೆಚ್ಚೇನೂ ಇಳಿಯಲಿಲ್ಲ. ಕೆಲವರಿಗೆ ಉಪಯೋಗವಾಗುತ್ತದೆ, ವೈದ್ಯರು ನೋಡಿ ಕೊಡುತ್ತಾರೆ, ಆಗ ಮಲಬದ್ಧತೆಗೂ ಜೊತೆಯಲ್ಲೇ ಔಷಧಿ ಬೇಕು. ಕೈಯಲ್ಲಿ ಹಿಡಿಯುವ ಪುಟ್ಟ ಬ್ಯಾಟರಿ ಫ್ಯಾನಿಗೆ ಇಂಥ ಯಾವ ತಾಪತ್ರಯವೂ ಇಲ್ಲ. ಮುಖದಿಂದ ಸುಮಾರು 15 ಸೆಂ.ಮೀ. ದೂರ ಹಿಡಿದು, ಕೆನ್ನೆಯಿಂದ ಮೂಗು, ಮೇಲ್ದುಟಿಯ ಕಡೆ ತಂಗಾಳಿ ಆಡಿಸಿದರೆ ಮುಖದ ಸ್ಪರ್ಶ ತಿಳಿಸುವ ನರದ ಮೂಲಕ ಉಸಿರು ಕಟ್ಟಿದ ಅನುಭವ ತಗ್ಗುತ್ತದೆ. ಕೆಲವೇ ನಿಮಿಷಗಳ ಕೆಲಸ. ದಿಂಬಿನ ಪಕ್ಕದಲ್ಲಿ, ರೋಗಿಯ ಕೈಗೆ ಎಟುಕುವಲ್ಲಿ ಅದನ್ನು ಇಟ್ಟು ಹೋಗಬೇಕು.